ಇಡೀ ಲೈನೇ ಬಸಿರು

ನಮ್ಮ ಲೈನಿನ ಹೆಂಗಸರೆಲ್ಲ ಒಂದೇ ದಿನ ಬಸಿರಾದೆವು. ಹದಿನಾಲ್ಕು ಜನವೂ. ಒಬ್ಬಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಒಬ್ಬಳು ಎರಡನೇ ಹೆರಿಗೆಯಲ್ಲೇ ಆಪರೇಷನ್ ಮಾಡಿಸಿಕೊಂಡಿದ್ದಳು. ಒಬ್ಬಳು ಗಂಡನನ್ನು ಮನೆಯಿಂದ ಆಚೆಗೆ ಹಾಕಿ, ಅವನ ಚಪ್ಪಲಿಯನ್ನೂ ಹಿಂದೆಯೇ ಎಸೆದಿದ್ದಳು. ದಾರದಜ್ಜಿಯಂತೂ ಮುಟ್ಟು ನಿಂತು ಎಷ್ಟು ಕಾಲವಾಯಿತೆಂಬುದನ್ನೇ ಮರೆತಿದ್ದಳು. ಆದರೂ ಬಸಿರು. ಪರೀಕ್ಷೆಯ ಯಂತ್ರ ಹಾಗೆಂದು ಹೇಳಿತು. ನಮ್ಮ ಕಾರ್ಖಾನೆಯಲ್ಲಿ ಯಂತ್ರದ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಅನುಮಾನವನ್ನೆಲ್ಲ ಹೆಂಗಸರಿಗಾಗಿ ಎತ್ತಿಟ್ಟಿರುತ್ತಾರೆ.

ಇದು ಅಂಗಿ ಹೊಲಿಯುವ ಕಾರ್ಖಾನೆ. ಇಲ್ಲಿ ಯಾರೂ ಇಡೀ ಅಂಗಿಯನ್ನು ಹೊಲಿಯುವುದಿಲ್ಲ. ಕಾಲರ್ ಹೊಲಿಯುವವಳು ಕಾಲರನ್ನೇ ಹೊಲಿಯುತ್ತಾಳೆ, ಜೇಬು ಹೊಲಿಯುವವಳು ಜೇಬನ್ನೇ. ಬರಬರುತ್ತಾ ಹೆಸರುಗಳು ಉದುರಿಹೋದವು. ಅವಳು ಕಾಲರ್. ಇವಳು ಜೇಬು. ಆಚೆಯವಳು ತೋಳು. ಉಳಿದ ದಾರ ಕತ್ತರಿಸುವವಳು ದಾರದಜ್ಜಿ. ತೋಳಿನ ತುದಿಯ ಪಟ್ಟಿ ಹೊಲಿಯುವ ನಾನು ಕಫ್. ಹದಿನಾಲ್ಕು ಜನ ಸಾಲಾಗಿ ಸೇರಿದರೆ ಒಂದು ಲೈನು, ಒಂದು ಅಂಗಿ. ಬೇರೆ ಬೇರೆ ನಿಂತರೆ ಬಟ್ಟೆಯ ಚೂರು.

ನಮ್ಮ ಸೂಪರ್ವೈಸರ್ ಬಾಯಿಂದ ಮಾತಾಡುವುದಕ್ಕಿಂತ ಕೊರಳಲ್ಲಿ ನೇತಾಡುವ ಸೀಟಿಯಿಂದ ಮಾತಾಡುವುದು ಹೆಚ್ಚು. ಸೀಟಿ ಸಾರ್ ಎನ್ನುತ್ತಿದ್ದೆವು. ಅವನ ಮೇಜಿನ ಮೊಳೆಗೆ ಒಂದು ಹಳದಿ ಹಲಗೆ ತಗುಲಿಹಾಕಿರುತ್ತಿದ್ದ. ಊಟದ ತಟ್ಟೆಯಷ್ಟು ದೊಡ್ಡದು, ದಪ್ಪ ಹಗ್ಗ ಕಟ್ಟಿದ್ದು. ಲೈನಿಗೆ ಒಂದೇ. ಪಾಯಖಾನೆಗೆ ಹೋಗಬೇಕಾದವಳು ಅವನ ಮುಂದೆ ನಿಂತು ಕೇಳಿ, ಆ ಹಲಗೆಯನ್ನು ಕೊರಳಿಗೆ ಹಾಕಿಕೊಂಡು, ಇಸ್ತ್ರಿ ಮಾಡುವ ಗಂಡಸರ ಮಧ್ಯೆ ಹಾದು ಹೋಗಬೇಕು. ಹಲಗೆ ಎದೆಗೆ ಬಡಿಯುತ್ತಿರುತ್ತದೆ. ಗಂಡಸರು ತಲೆ ಎತ್ತುತ್ತಾರೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಆದ್ದರಿಂದ ನಾವು ನೀರು ಕುಡಿಯುತ್ತಿರಲಿಲ್ಲ. ಹೊಸಬಳು ಸೇರಿದ ದಿನ ದಾರದಜ್ಜಿ ಅವಳ ಅಂಗೈಗೆ ಒಂದು ಅಂಗಿಗುಂಡಿ ಕೊಡುತ್ತಿದ್ದಳು.

“ನಾಲಿಗೆ ಕೆಳಗೆ ಇಟ್ಕೋ ಮಗಾ. ಜೊಲ್ಲು ಊರುತ್ತೆ. ಬಾಯಾರಿಕೆ ಗೊತ್ತಾಗಲ್ಲ.”

“ನುಂಗಿಬಿಟ್ರೆ ಅಜ್ಜಿ?”

“ನುಂಗಿದ್ರೆ ನಾಳೆ ಬೆಳಗ್ಗೆ ವಾಪಸ್ ಸಿಗುತ್ತೆ, ತೊಳ್ಕೊಂಡು ಇಟ್ಕೋ.”

ನಗುತ್ತಿದ್ದೆವು. ಬಾಯಲ್ಲಿ ಗುಂಡಿ ಇಟ್ಟುಕೊಂಡೇ ನಗುವುದು ಕೂಡ ಒಂದು ವಿದ್ಯೆ.

ನಿಜವಾಗಿ ಬಸಿರಾಗಿದ್ದವಳು ಕಾಲರ್. ಐದು ತುಂಬಿತ್ತು. ಗಂಡನ ದೊಡ್ಡ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಬರುತ್ತಿದ್ದಳು. ಧೂಳಿಗೆ ಎನ್ನುತ್ತಿದ್ದಳು. ನಮ್ಮಲ್ಲಿ ಬಸಿರೆಂದು ಗೊತ್ತಾದವಳಿಗೆ ಬೈಯುವುದಿಲ್ಲ. ಕುರ್ಚಿ ಕೊಟ್ಟು ಕೂರಿಸುತ್ತಾರೆ. ಎಚ್ಚಾರ್ ಮೇಡಂ ಕೈ ಹಿಡಿದುಕೊಂಡು, “ನೀವೀಗ ರೆಸ್ಟ್ ತಗೋಬೇಕು ಕಣಮ್ಮಾ, ನಿಮಗೋಸ್ಕರ ಹೇಳ್ತಿರೋದು” ಎನ್ನುತ್ತಾರೆ. ರೆಸ್ಟ್ ಮುಗಿಸಿ ಮಗುವಿನೊಂದಿಗೆ ಬಂದವಳಿಗೆ ಗೇಟಿನವನು ಜಾಗ ಖಾಲಿ ಇಲ್ಲ ಎನ್ನುತ್ತಾನೆ. ಅದೇ ಗೇಟಿನ ಪಕ್ಕದ ಗೋಡೆಯಲ್ಲಿ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ನಗುತ್ತಿರುವ ಚಿತ್ರವಿದೆ. ‘ತಾಯಂದಿರು ನಮ್ಮ ಹೆಮ್ಮೆ’ ಎಂದು ಬರೆದಿದೆ. ಹೆಮ್ಮೆಯನ್ನು ಗೇಟಿನ ಹೊರಗಡೆಯೇ ನೇತುಹಾಕಿದ್ದಾರೆ.

ಕಾಲರಿನ ಗಂಡ ಗ್ಯಾಸ್ ಸಿಲಿಂಡರ್ ಹೊರುವವನು. ಮೆಟ್ಟಿಲಲ್ಲಿ ಜಾರಿ, ಬೆನ್ನು ಹಿಡಿದುಕೊಂಡು ಮಲಗಿದ್ದ. ಇವಳ ಸಂಬಳದಲ್ಲೇ ಮನೆ ನಡೆಯಬೇಕಿತ್ತು. ರೆಸ್ಟ್ ತೆಗೆದುಕೊಳ್ಳುವ ಸ್ಥಿತಿಯಲ್ಲಿದ್ದವನು ಅವನೊಬ್ಬನೇ.

ಒಂದು ದಿನ ಊಟದ ಹೊತ್ತಿಗೆ ಅವಳು ನನ್ನ ಪಕ್ಕ ಬಂದು ಕೂತಳು.

“ಅಕ್ಕಾ, ಉರಿ.”

“ಎಲ್ಲಿ?”

“ಒಂದಕ್ಕೆ ಹೋದಾಗ. ಮೆಣಸಿನ ಪುಡಿ ಎರಚಿದ ಹಾಗೆ. ಹೋಗ್ಬೇಕು ಹೋಗ್ಬೇಕು ಅನ್ಸುತ್ತೆ, ಹೋದ್ರೆ ನಾಲ್ಕು ಹನಿ. ನಾತ ಬೇರೆ.”

“ನಿಮ್ಮತ್ತೆಗೆ ಹೇಳಿದೆಯಾ?”

“ಹೇಳ್ದೆ. ಉಷ್ಣ ಅಂದ್ರು. ನಮಗೂ ಆಗ್ತಿತ್ತು, ಉರಿಮೂತ್ರಕ್ಕೆಲ್ಲ ಯಾರು ಡಾಕ್ಟ್ರ ಹತ್ರ ಹೋಗ್ತಾರೆ ಅಂದ್ರು.” ಅವಳು ತುತ್ತನ್ನು ಕೈಯಲ್ಲೇ ತಿರುಗಿಸಿದಳು. “ಹೋದ ಸಲಾನೂ ಹೀಗೇ ಶುರುವಾಗಿತ್ತು ಅಕ್ಕಾ. ಇದೇ ಉರಿ. ಆಮೇಲೆ ಚಳಿಜ್ವರ. ಆಮೇಲೆ ಏಳನೇ ತಿಂಗಳಲ್ಲೇ ನೋವು ಬಂತು. ಒಂದು ಸಲ ಅತ್ತಿತು ಅಷ್ಟೇ, ಆ ಕೂಸು.”

ಆಸ್ಪತ್ರೆಗೆ ಹೋಗಲು ರಜೆ ಬೇಕು. ರಜೆಗೆ ಕಾರಣ ಬೇಕು. ಕಾರಣ ಹೇಳಿದರೆ ಕೆಲಸ ಹೋಗುತ್ತದೆ. ಅವಳು ಹಲಗೆ ಹಾಕಿಕೊಂಡು ಓಡಾಡತೊಡಗಿದಳು. ಎರಡು ದಿನ ಸೀಟಿ ಸಾರ್ ನೋಡಿದ. ಮೂರನೇ ದಿನ ಇಡೀ ಹಾಲಿಗೆ ಕೇಳುವಂತೆ ಕೂಗಿದ.

“ಏನಮ್ಮಾ ಕಾಲರ್, ನಲ್ಲಿ ವಾಷರ್ ಹೋಗಿದೆಯಾ? ಪ್ಲಂಬರ್ ಕರೆಸ್ಲಾ?”

ಇಸ್ತ್ರಿಯವರು ನಕ್ಕರು. ಆವಿಯೂ ಬುಸ್ಸೆಂದಿತು. ಅಂದಿನಿಂದ ಅವಳು ಹಲಗೆ ಕೇಳಲಿಲ್ಲ. ತೊಡೆಗಳನ್ನು ಬಿಗಿದು, ತುಟಿ ಕಚ್ಚಿ, ಕಾಲರ್ ಮೇಲೆ ಕಾಲರ್ ಹೊಲಿದಳು. ಅವಳ ಹೊಲಿಗೆ ಕೊಂಚವೂ ಸೊಟ್ಟವಾಗಲಿಲ್ಲ. ಆ ವಾರ ಅವಳ ಹೆಸರನ್ನು ಉತ್ತಮ ಕೆಲಸಗಾರ್ತಿಯೆಂದು ಬೋರ್ಡಿನಲ್ಲಿ ಬರೆದರು.

ಹೀಗಿರುವಾಗ ಆರೋಗ್ಯ ಶಿಬಿರ ಬಂತು. ಅಂಗಿ ಕೊಳ್ಳುವ ಪರದೇಶದವರು ಕಾರ್ಖಾನೆ ನೋಡಲು ಬರುವವರಿದ್ದರು. ಅವರು ಬರುವ ಮೊದಲು ನಮಗೆ ಆರೋಗ್ಯ ಇರಬೇಕಿತ್ತು. ಬ್ಯಾನರ್ ಕಟ್ಟಿದರು. ಒಬ್ಬ ಡಾಕ್ಟರಮ್ಮ, ಒಬ್ಬ ನರ್ಸಮ್ಮ. ಗಂಡಸರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ ಕಳಿಸಿದರು. ಹೆಂಗಸರ ಕೈಗೆ ಮಾತ್ರ ಹೆಸರು ಅಂಟಿಸಿದ ಪುಟ್ಟ ಬಾಟ್ಲಿ ಬಂತು.

“ಇದು ಯಾಕಮ್ಮಾ?” ಜೇಬು ಕೇಳಿದಳು.

“ಸಕ್ಕರೆ ಕಾಯಿಲೆ ನೋಡೋಕೆ,” ಎಂದಳು ನರ್ಸಮ್ಮ.

“ಗಂಡಸರಿಗೆ ಸಕ್ಕರೆ ಬರಲ್ವಾ?”

“ಬಾಟ್ಲಿ ತುಂಬಿಸಿ ಕೊಡಮ್ಮ ತಾಯಿ. ಕೊಡದವರನ್ನ ಊಟಕ್ಕೆ ಬಿಡಬೇಡ ಅಂದಿದ್ದಾರೆ.”

ಪಾಯಖಾನೆಯ ಮುಂದೆ ಸಾಲು ನಿಂತೆವು. ಆ ದಿನ ಹಲಗೆ ಬೇಕಿರಲಿಲ್ಲ. ಕಂಪನಿಗೆ ನಮ್ಮ ಮೂತ್ರ ಬೇಕಿತ್ತು, ಹಾಗಾಗಿ ಬಾಗಿಲು ತೆರೆದಿತ್ತು. ಜೇಬು ಒಳಗೆ ಹೋಗಿ ಖಾಲಿ ಬಾಟ್ಲಿ ಹಿಡಿದು ಬಂದಳು. ತೋಳು ಹೋಗಿ ಬಂದಳು, ಬಾಟ್ಲಿಯ ತಳವೂ ಒದ್ದೆಯಾಗಿರಲಿಲ್ಲ. ನಾನು ಕೂತೆ, ತಿಣುಕಿದೆ, ದೇವರನ್ನು ನೆನೆದೆ. ಏನೂ ಇಲ್ಲ. ಬೆಳಗ್ಗೆಯಿಂದ ಗುಂಡಿ ಚೀಪಿಕೊಂಡು ಕೂತವರ ಹತ್ತಿರ ಏನಿರುತ್ತದೆ?

“ಬಾವಿ ಬತ್ತಿದೆ ಕಣ್ರೇ,” ಎಂದಳು ದಾರದಜ್ಜಿ. “ಊಟ ಹೋಯ್ತು.”

ಆಗ ಕಾಲರ್ ಒಳಗೆ ಹೋದಳು. ಉರಿ ತಡೆಯಲಾರದೆ ಆ ದಿನ ಮನೆಯಲ್ಲೇ ಚೊಂಬುಗಟ್ಟಲೆ ನೀರು ಕುಡಿದು ಬಂದಿದ್ದಳು. ಬೆಳಗ್ಗೆಯಿಂದ ಯಂತ್ರ ಬಿಟ್ಟು ಎದ್ದಿರಲಿಲ್ಲ. ಒಳಗಿನಿಂದ ಅವಳು ನರಳುವುದು ಕೇಳಿಸಿತು. ಬಹಳ ಹೊತ್ತಾಯಿತು. ಬಾಗಿಲು ತೆರೆದಾಗ ಅವಳ ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಮಗ್ಗು.

“ತಗೊಳ್ರೇ,” ಎಂದಳು. “ಊಟ ಬಿಟ್ಟು ಯಾಕೆ ಸಾಯ್ತೀರಾ.”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಬಾಟ್ಲಿ ಮುಂದೆ ಚಾಚಿದೆವು. ಡೈರಿಯ ಮುಂದೆ ಹಾಲಿಗೆ ನಿಂತವರ ಹಾಗೆ. ಕಾಲರ್ ಚೆಲ್ಲದಂತೆ, ಯಾರಿಗೂ ಹೆಚ್ಚು ಕಡಿಮೆಯಾಗದಂತೆ ಹಂಚಿದಳು. “ನಂಗೆ ಸ್ವಲ್ಪ ಜಾಸ್ತಿ ಹಾಕೇ, ನಂದು ದೊಡ್ಡ ಮೈ,” ಎಂದಳು ಜೇಬು. ತನ್ನ ಮಾತಿಗೆ ತನಗೇ ನಗು ತಡೆಯಲಾಗದೆ, ಅವಳ ಬಾಯಲ್ಲಿದ್ದ ಗುಂಡಿ ಹಾರಿ ಕೆಳಗೆ ಬಿತ್ತು. ಸಕ್ಕರೆ ತಾನೆ, ನೋಡಿಕೊಳ್ಳಲಿ ಎಂದುಕೊಂಡೆವು. ಕಾಲರಿಗೂ ಹಾಗೇ ಅನಿಸಿತು. ಊಟ ಮಾಡಿದೆವು.

ವಾರ ಕಳೆದ ಮೇಲೆ ನಮ್ಮ ಲೈನನ್ನು ಮೇಲಿನ ಮಹಡಿಯ ಮೀಟಿಂಗ್ ಕೋಣೆಗೆ ಕರೆದರು. ನಾವು ಅಲ್ಲಿಗೆ ಹಿಂದೆಂದೂ ಹೋದವರಲ್ಲ. ಬೂದು ಬಣ್ಣದ ಕಾರ್ಪೆಟ್ಟು, ತಣ್ಣನೆಯ ಗಾಳಿ, ಗಾಲಿಯ ಕುರ್ಚಿಗಳು. ಚಪ್ಪಲಿ ಹೊರಗೆ ಬಿಡಿಸಿದರು. ಎಚ್ಚಾರ್ ಮೇಡಂ ಮೇಜಿನ ತುದಿಯಲ್ಲಿ. ಪಕ್ಕದಲ್ಲಿ ಶಿಬಿರದ ಡಾಕ್ಟರಮ್ಮ, ಬಾಗಿಲಲ್ಲಿ ನರ್ಸಮ್ಮ. ಸೀಟಿ ಸಾರ್ ಗೋಡೆಗೆ ಒರಗಿ ನಿಂತಿದ್ದ.

“ಇಷ್ಟು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ,” ಎಂದರು ಮೇಡಂ. “ಹದಿನಾಲ್ಕು ಜನಾನೂ ಪಾಸಿಟಿವ್.”

“ಸಕ್ಕರೇನಾ ಮೇಡಂ?” ಎಂದಳು ತೋಳು.

“ಸಕ್ಕರೆ ಅಲ್ಲ. ಬಸಿರು!”

ಮದುವೆಯಾಗದ ಹುಡುಗಿ ಬಾಯಿ ಮುಚ್ಚಿಕೊಂಡಳು. ನನ್ನ ಪಕ್ಕ ಕೂತಿದ್ದ ಕಾಲರಿನ ಕೈ ಮೇಜಿನ ಕೆಳಗೆ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಅವರು ಸಕ್ಕರೆ ಎಂದು ಸುಳ್ಳು ಹೇಳಿದ್ದರು. ನಾವು ನಮ್ಮದೆಂದು ಸುಳ್ಳು ಹೇಳಿದ್ದೆವು. ಎರಡು ಸುಳ್ಳೂ ಒಂದೇ ಬಾಟ್ಲಿಯಲ್ಲಿ ಕೂತಿದ್ದವು.

“ಯಾರೋ ಒಬ್ಬಳದನ್ನ ಎಲ್ಲರೂ ತುಂಬಿಸಿದ್ದೀರಾ,” ಎಂದರು ಮೇಡಂ. “ನನಗೆ ಒಂದೇ ಒಂದು ಉತ್ತರ ಬೇಕು. ಆ ಮೂತ್ರ ಯಾರದು?”

ಡಾಕ್ಟರಮ್ಮ ಮೊದಲ ಸಲ ಬಾಯಿ ತೆರೆದಳು. ಚಿಕ್ಕ ವಯಸ್ಸು, ನಮ್ಮ ಲೈನಿನ ತೋಳಿನವಳಷ್ಟೇ ಇರಬೇಕು.

“ಅದು ಯಾರದೇ ಆಗಿರಲಿ, ಅದರಲ್ಲಿ ಸೋಂಕಿದೆ,” ಎಂದಳು. “ಬಸಿರಲ್ಲಿ ಇದನ್ನ ಹಾಗೇ ಬಿಡಬಾರದು. ಮೂತ್ರಪಿಂಡಕ್ಕೆ ಹತ್ತಿದರೆ ಜ್ವರ ಬರುತ್ತೆ. ದಿನ ತುಂಬೋ ಮೊದಲೇ ಹೆರಿಗೆ ಆಗಬಹುದು. ಮಾತ್ರೆ ಕೊಟ್ಟರೆ ಹೋಗುವಂಥದ್ದು. ಆದರೆ ಇವತ್ತೇ ಶುರು ಮಾಡಬೇಕು.”

“ಅದಕ್ಕೇ ಕೇಳ್ತಿರೋದು,” ಎಂದರು ಮೇಡಂ. ದನಿ ಸಕ್ಕರೆಯಾಯಿತು. “ನೋಡಿ, ಅವಳ ಒಳ್ಳೇದಕ್ಕೇ. ಮುಂದೆ ಬರಲಿ. ಮಾತ್ರೆ ತಗೊಳ್ಳಲಿ. ಆಮೇಲೆ ಮನೇಲಿ ರೆಸ್ಟ್ ತಗೊಳ್ಳಲಿ.”

ಮಾತ್ರೆ ಬೇಕಾದರೆ ಹೆಸರು ಹೇಳಬೇಕು. ಹೆಸರು ಹೇಳಿದರೆ ಕೆಲಸ ಬಿಡಬೇಕು. ಬಹಳ ಅಚ್ಚುಕಟ್ಟಾದ ಹೊಲಿಗೆ. ಕಾಲರ್ ಕುರ್ಚಿಯ ತುದಿಗೆ ಸರಿದಳು. ನಾನು ಅವಳ ಕೈಯನ್ನು ಬಿಡಲಿಲ್ಲ.

“ನನ್ನದೇ,” ಎಂದಿತು ಒಂದು ದನಿ.

ದಾರದಜ್ಜಿ ಎದ್ದು ನಿಂತಿದ್ದಳು.

“ಅಜ್ಜಿ, ತಮಾಷೆ ಬೇಡ. ನಿಮಗೆ ವಯಸ್ಸೆಷ್ಟು?”

“ಬಸಿರಾಗೋ ವಯಸ್ಸು ದಾಟಿದೆ ಅಂತ ನಾನೂ ತಿಳ್ಕೊಂಡಿದ್ದೆ ತಾಯಿ. ನಿಮ್ಮ ರಿಪೋರ್ಟ್ ನೋಡಿ ಗಾಬರಿ ಆಯ್ತು. ಮನೇಲಿ ಸೊಸೆಗೆ ಹೆಂಗೆ ಮುಖ ತೋರಿಸ್ಲಿ?”

“ನಿಮ್ಮ ಯಜಮಾನರು…”

“ಅವರು ಫೋಟೋದಲ್ಲಿದ್ದಾರೆ. ಆದರೂ ನಂಬೋಕಾಗಲ್ಲ ಆ ಮನುಷ್ಯನ್ನ.”

ಸೀಟಿ ಸಾರ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ಜೇಬು ಎದ್ದಳು. “ನಂದು ಮೇಡಂ.” ತೋಳು ಎದ್ದಳು. “ನಂದೂ.” ಗಂಡನನ್ನು ಹೊರಗೆ ಹಾಕಿದವಳು ಎದ್ದು, “ನಂದೇ, ಆದ್ರೆ ದಯವಿಟ್ಟು ಅವನಿಗೆ ಹೇಳಬೇಡಿ, ವಾಪಸ್ ಬಂದುಬಿಡ್ತಾನೆ,” ಎಂದಳು. ಮದುವೆಯಾಗದ ಹುಡುಗಿ ಬಹಳ ಯೋಚಿಸಿ, ಕೆಂಪಾಗಿ, ಎದ್ದಳು. ನಾನೂ ಎದ್ದೆ. ಕಾಲರ್ ಕೊನೆಗೆ ಎದ್ದು ನಿಜ ಹೇಳಿದಳು. “ನಂದು ಮೇಡಂ.” ಯಾರೂ ನಂಬಲಿಲ್ಲ.

ಮೇಡಂ ಮೇಜು ಗುದ್ದಲಿಲ್ಲ. ಅವರು ತರಬೇತಿ ಪಡೆದವರು. ನೀರಿನ ದೊಡ್ಡ ಕ್ಯಾನು ತರಿಸಿದರು, ಗಾಜಿನ ಲೋಟಗಳು, ಹೊಸ ಬಾಟ್ಲಿಗಳು.

“ಎಲ್ಲರೂ ಕುಡೀರಿ. ನನ್ನ ಕಣ್ಣೆದುರಿಗೇ. ಆಮೇಲೆ ಒಬ್ಬೊಬ್ಬರೇ ನರ್ಸ್ ಜೊತೆ ಹೋಗಿ, ಅವರ ಮುಂದೆ ಕೂತು ತುಂಬಿಸಿಕೊಡಿ. ಕೊಟ್ಟವರು ಕೆಳಗೆ ಹೋಗಬಹುದು. ಕೊಡದವರು ಇಲ್ಲೇ ಇರ್ತೀರಾ.”

ಕಂಪನಿ ನಮ್ಮನ್ನು ಕೂರಿಸಿ ನೀರು ಕೊಟ್ಟದ್ದು ಅದೇ ಮೊದಲು. ಕುಡಿದೆವು. ತಣ್ಣಗೆ, ಸಿಹಿಯಾಗಿತ್ತು. ಇನ್ನೊಂದು ಲೋಟ ಎಂದರು. ಅದನ್ನೂ ಕುಡಿದೆವು. ಮತ್ತೊಂದು. ಆಮೇಲೆ ಕೂತೆವು.

ಯಾರೂ ಏಳಲಿಲ್ಲ.

ಮೇಡಂ ಕಾದರು. ನಾವೂ ಕಾದೆವು. ಕೆಳಗೆ ನಮ್ಮ ಯಂತ್ರಗಳು ಸುಮ್ಮನಿದ್ದವು. ಸೀಟಿ ಸಾರ್ ಬಾಗಿಲಿಗೂ ಕಿಟಕಿಗೂ ಓಡಾಡಿದ. ಹೊಟ್ಟೆ ಬಿಗಿಯಿತು, ಕಿಬ್ಬೊಟ್ಟೆ ಕಲ್ಲಾಯಿತು. ನಮಗೆ ಅದು ಹೊಸದಲ್ಲ. ತಡೆದುಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರು ಈ ಊರಲ್ಲಿಲ್ಲ. ಆ ವಿದ್ಯೆಯನ್ನು ಕಂಪನಿಯೇ ಕಲಿಸಿತ್ತು, ದಿನಾ ಅಭ್ಯಾಸವನ್ನೂ ಮಾಡಿಸಿತ್ತು. ಮೇಡಂ ಎರಡು ಸಲ ಎದ್ದು ಹೊರಗೆ ಹೋಗಿ ಬಂದರು. ಅವರು ಎಲ್ಲಿಗೆ ಹೋದರೆಂದು ನಮಗೆ ಗೊತ್ತಿತ್ತು. ಜೇಬು ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಗೆಲ್ಲುತ್ತಿದ್ದೇವೆ ಎಂದುಕೊಂಡೆ.

ಆಗ ಕಾಲರಿನ ಉಗುರು ನನ್ನ ಅಂಗೈಗೆ ಇಳಿಯಿತು.

“ಅಕ್ಕಾ, ಆಗ್ತಿಲ್ಲ.”

ಅವಳ ತುಟಿಯ ಬಣ್ಣ ಹೋಗಿತ್ತು. ಹಣೆಯ ಬೆವರು ಆ ತಂಪಿನಲ್ಲೂ ಇಳಿಯುತ್ತಿತ್ತು. ಸೊಂಟದ ಹಿಂದೆ ಕೈ ಒತ್ತಿಕೊಂಡು ಮುಂದಕ್ಕೆ ಬಾಗಿದ್ದಳು. ನಮ್ಮ ಬಿಗಿತ ಮೇಡಮ್ಮನ ಒಂದು ಕೂದಲನ್ನೂ ಅಲುಗಿಸಿರಲಿಲ್ಲ. ಯಾರನ್ನು ಕಾಯಲು ಹಟ ಹಿಡಿದು ಕೂತಿದ್ದೆವೋ ಅವಳನ್ನೇ ಅದು ಕೊಲ್ಲುತ್ತಿತ್ತು.

“ನರ್ಸ್ ಜೊತೆ ಹೋಗ್ತೀನಿ,” ಎಂದು ಪಿಸುಗುಟ್ಟಿದಳು. “ಕೆಲಸ ಹೋದ್ರೆ ಹೋಗ್ಲಿ.”

ಏಳಲು ಹೋದಳು. ಏಳಲಾಗಲಿಲ್ಲ. ಅವಳ ಮುಖ ಇದ್ದಕ್ಕಿದ್ದಂತೆ ಮಗುವಿನ ಮುಖದ ಹಾಗಾಯಿತು. ಕೆಳಗೆ ನೋಡಿದೆ. ಅವಳ ಕುರ್ಚಿಯ ಕೆಳಗೆ ಕಾರ್ಪೆಟ್ಟಿನ ಬೂದು ಬಣ್ಣ ಕಪ್ಪಾಗುತ್ತಿತ್ತು. ಮೊದಲು ರೂಪಾಯಿಯಷ್ಟು, ಆಮೇಲೆ ಅಂಗೈಯಷ್ಟು. ಮೇಡಂ ಇನ್ನೂ ನೋಡಿರಲಿಲ್ಲ. ಇನ್ನೊಂದು ಗಳಿಗೆಯಲ್ಲಿ ನೋಡುತ್ತಿದ್ದರು. ಯಾರದು ಎಂಬ ಪ್ರಶ್ನೆಗೆ ಅದೇ ಉತ್ತರವಾಗುತ್ತಿತ್ತು.

ನಾನು ಬಿಡಬೇಕು ಎಂದುಕೊಂಡೆ. ಬಿಡು ಎಂದು ಮೈಗೆ ಹೇಳಿದೆ. ಮೈ ಕೇಳಲಿಲ್ಲ. ಹೊಟ್ಟೆ ಒಡೆಯುವಷ್ಟು ತುಂಬಿತ್ತು, ಆದರೂ ಒಂದು ಹನಿ ಬರಲಿಲ್ಲ. ಚಿಕ್ಕಂದಿನಿಂದ ಎಲ್ಲರೂ ತಡೆದುಕೋ ಎಂದವರೇ. ಬಿಡು ಎಂದವರು ಒಬ್ಬರೂ ಇಲ್ಲ. ನಾಲ್ಕು ಜನರ ನಡುವೆ, ಬೆಳಕಿನಲ್ಲಿ, ಕುರ್ಚಿಯ ಮೇಲೆ ಕೂತು ಬಿಡುವುದಕ್ಕೆ ಎಷ್ಟು ಶಕ್ತಿ ಬೇಕು! ಹಲ್ಲು ಕಚ್ಚಿದೆ. ಸೀಟಿ ಸಾರ್ ಮುಖ ನೋಡಿದೆ. ಪ್ಲಂಬರ್ ಎಂದಿದ್ದು ಕಿವಿಯಲ್ಲಿ ಕೇಳಿಸಿತು.

ಬಂತು. ಬೆಚ್ಚಗೆ, ತೊಡೆಯುದ್ದಕ್ಕೂ, ಹಿಮ್ಮಡಿಯವರೆಗೆ. ಕಣ್ಣು ಮುಚ್ಚಿದೆ. ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಜೇಬು ನನ್ನ ಕಾಲ ಬುಡ ನೋಡಿದಳು, ಕಾಲರಿನ ಕಾಲ ಬುಡ ನೋಡಿದಳು. ಅರ್ಥವಾಯಿತು. ಅವಳೂ ಬಿಟ್ಟಳು. ತೋಳು ಬಿಟ್ಟಳು. ಸೆರಗು ಬಾಯಿಗಿಟ್ಟುಕೊಂಡು ಮದುವೆಯಾಗದ ಹುಡುಗಿ. ಸಾಲಾಗಿ, ಕೈಯಿಂದ ಕೈಗೆ ಅಂಗಿ ಸಾಗುವ ಹಾಗೆ. ಗಾಲಿಯ ಕುರ್ಚಿಗಳ ಮೆತ್ತೆಯಿಂದ ತೊಟ್ಟಿಕ್ಕುವ ಸದ್ದು ಕೇಳಿ ಮೇಡಂ ತಲೆ ಎತ್ತಿದರು. ಆಮೇಲೆ ಬಗ್ಗಿ ನೋಡಿದರು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಹಾರಿ ನಿಂತರು.

“ಛೀ! ಛೀ ಛೀ! ಯಾರದಿದು? ಯಾರದು?”

“ಎಲ್ಲಾರದೂ ಮೇಡಂ,” ಎಂದಳು ಜೇಬು. “ಬಾಟ್ಲಿ ಕೊಡಿ, ಹಿಂಡಿ ಕೊಡ್ತೀವಿ.”

ದಾರದಜ್ಜಿಗೆ ಮಾತ್ರ ಬರಲಿಲ್ಲ. ಪಾಪ, ನಮ್ಮೆಲ್ಲರಿಗಿಂತ ಹೆಚ್ಚು ವರ್ಷ ತಡೆದವಳು. ಕಣ್ಣು ಗಟ್ಟಿ ಮುಚ್ಚಿ ಬಹಳ ಪ್ರಯತ್ನಪಟ್ಟಳು. ಕೊನೆಗೆ ಮೇಜಿನ ಮೇಲಿದ್ದ ಲೋಟದ ನೀರನ್ನು ತನ್ನ ಮಡಿಲಿಗೆ ಸುರಿದುಕೊಂಡಳು.

“ನಂದೂ ಸೇರಿಸ್ಕೊಳ್ಳಿ ತಾಯಿ.”

ಸೀಟಿ ಸಾರ್ ಒದ್ದೆಯಾಗದ ಜಾಗ ಹುಡುಕಿ ಹುಡುಕಿ ಹೆಜ್ಜೆಯಿಡುತ್ತಾ ಬಾಗಿಲಿಗೆ ಹೋದ. ಪರದೇಶದವರು ಮರುದಿನ ಬರುವವರಿದ್ದರು. ಅವರು ಕೂರಬೇಕಾಗಿದ್ದದ್ದು ಇದೇ ಕೋಣೆಯಲ್ಲಿ, ಇವೇ ಕುರ್ಚಿಗಳಲ್ಲಿ.

ಡಾಕ್ಟರಮ್ಮ ಚೀಟಿಯ ಪುಸ್ತಕ ತೆಗೆದಳು. ಅವಳು ಒಳ್ಳೆಯವಳೆಂದು ಹೇಳಲಾರೆ. ಸಕ್ಕರೆ ಎಂದು ನಮ್ಮ ಬಸಿರನ್ನು ಪರೀಕ್ಷೆ ಮಾಡಿದವಳು ಅವಳೇ. ಆದರೆ ಅವಳ ಬಿಳಿಯ ಬೂಟಿನ ತುದಿಯವರೆಗೂ ನಮ್ಮದು ಹರಿದು ಬಂದಿತ್ತು, ಅವಳು ಕಾಲು ಹಿಂದೆಗೆಯಲಿಲ್ಲ.

“ಹದಿನಾಲ್ಕು ಜನಕ್ಕೂ ಸೋಂಕು ಅಂತ ರಿಪೋರ್ಟ್ ಇದೆ,” ಎಂದಳು ಮೇಡಮ್ಮನಿಗೆ. “ಬಸುರಿಗೆ ಕೊಡಬಾರದ ಮಾತ್ರೆಗಳೂ ಇವೆ. ನೀವೇ ಹೇಳಿ. ಬಸಿರಿನ ರಿಪೋರ್ಟ್ ಇದೆ ಅಂತ ಬರೀಲಾ?”

“ಆ ಪದ ಎಲ್ಲೂ ಬರೀಬೇಡಿ,” ಎಂದರು ಮೇಡಂ. “ಅಂಥ ಟೆಸ್ಟ್ ನಾವು ಮಾಡಿಸೋದೇ ಇಲ್ಲ. ನಾಳೆ ಬರೋರು ಕೇಳೋದೇ ಅದನ್ನ.”

“ಹಾಗಾದ್ರೆ ಯಾರೂ ಬಸುರಿಯಲ್ಲ.”

“ಯಾರೂ ಅಲ್ಲ.”

“ಯಾರು ಅಂತ ಗೊತ್ತಿಲ್ಲದ ಮೇಲೆ, ಬಸುರಿಗೂ ಕೊಡಬಹುದಾದ್ದನ್ನೇ ಎಲ್ಲರಿಗೂ ಬರೀತೀನಿ.”

ಹೀಗೆ ನಾವು ಒಟ್ಟಿಗೆ ಬಸಿರಾದ ಹಾಗೆಯೇ ಒಟ್ಟಿಗೆ ಬಸಿರಿಳಿದೆವು. ನರ್ಸಮ್ಮ ತನ್ನ ಚೀಲದಿಂದ ಎಲ್ಲರಿಗೂ ಮಾತ್ರೆ ಎಣಿಸಿ ಕೊಟ್ಟಳು. ಡಾಕ್ಟರಮ್ಮ ಯಾರ ಮುಖವನ್ನೂ ನೋಡದೆ ಮೇಜಿಗೆ ಹೇಳುವಂತೆ ಹೇಳಿದಳು. “ಬೇಕಾದವಳು ಪೂರ್ತಿ ಮಾತ್ರೆ ಮುಗಿಸಲಿ, ಉರಿ ನಿಂತಿತು ಅಂತ ಮಧ್ಯೆ ಬಿಡಬಾರದು. ಬೇಡದವರು ಮುಟ್ಟಬೇಡಿ. ನೀರು ಚೆನ್ನಾಗಿ ಕುಡೀಬೇಕು. ತಡೀಬಾರದು. ಚಳಿಜ್ವರ ಬಂದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗಿ, ಯಾರನ್ನೂ ಕೇಳ್ತಾ ಕೂರಬೇಡಿ.”

ಒದ್ದೆ ಸೀರೆಯಲ್ಲೇ ಕೆಳಗೆ ಇಳಿದೆವು. ಚಪ್ಪಲಿ ಪಿಚಪಿಚ ಎನ್ನುತ್ತಿತ್ತು. ಇಸ್ತ್ರಿಯವರ ಮಧ್ಯೆ ಹಾದು ಬರುವಾಗ ಅವರು ತಲೆ ಎತ್ತಿದರು. ಹದಿನಾಲ್ಕು ಜನರೂ ಅವರನ್ನೇ ನೋಡಿದೆವು. ಒಬ್ಬೊಬ್ಬರಾಗಿ ಬಟ್ಟೆಯ ಕಡೆ ಬಗ್ಗಿದರು.

ಸೀಟಿ ಸಾರ್ ಸೀಟಿ ಊದಿದ. ಯಂತ್ರಗಳು ಶುರುವಾದವು. ಮೇಲಿನ ಕೋಣೆಯಿಂದ ಜೇಬು ಸೆರಗಿನಡಿ ಅಡಗಿಸಿ ತಂದಿದ್ದ ಗಾಜಿನ ಲೋಟವನ್ನು ತೆಗೆದು, ನೀರು ತುಂಬಿಸಿ ಕಾಲರಿಗೆ ಕೊಟ್ಟಳು. ಕಾಲರ್ ಮೊದಲ ಮಾತ್ರೆ ನುಂಗಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಏನನ್ನೋ ಆಲಿಸಿದಳು. ಒಂದು ಕಾಲರ್ ಹೊಲಿದಳು. ಎರಡನೆಯದನ್ನು ಸೂಜಿಯ ಕೆಳಗೆ ಅರ್ಧಕ್ಕೇ ಬಿಟ್ಟು ಎದ್ದಳು.

“ಎಲ್ಲಿಗಮ್ಮಾ?” ಎಂದ ಸೀಟಿ ಸಾರ್.

ಹಳದಿ ಹಲಗೆ ಮೊಳೆಯಲ್ಲೇ ಇತ್ತು. ಅವಳು ಪಾಯಖಾನೆಯ ಕಡೆ ಹೋಗುತ್ತಾ ಇದ್ದಳು.